ಕಾಲಿನ ಕಡೆಯಿಂದ ಎಬ್ಬಿಸುವುದು

ಗುಜರಿಯವನು ಎಲ್ಲವನ್ನೂ ತೆಗೆದುಕೊಂಡ. ತೂತು ಬಿದ್ದ ಕೊಡಪಾನ, ಕೈ ಮುರಿದ ಕುರ್ಚಿ, ಹತ್ತು ವರ್ಷದ ವಾರಪತ್ರಿಕೆಗಳು, ಗಾಳಿ ಬೀಸುವುದನ್ನು ಬಿಟ್ಟು ಬರೀ ಸದ್ದು ಮಾಡುತ್ತಿದ್ದ ಟೇಬಲ್ ಫ್ಯಾನು, ಎಲ್ಲ ಹೋದವು. ಟ್ರಂಕಿನ ತಳದಲ್ಲಿದ್ದ ಒಂದು ಸಣ್ಣ ಹಲಗೆಯನ್ನು ಮಾತ್ರ ಎರಡು ಸಲ ತಿರುಗಿಸಿ ನೋಡಿ ನನ್ನ ಕೈಗೇ ವಾಪಸು ಕೊಟ್ಟ. "ಮರದ್ದು ನಡೆಯಲ್ಲ ಅಕ್ಕಾ, ಒಲೆಗೆ ಹಾಕ್ಕೊಳ್ಳಿ" ಎಂದ. ರವೀಂದ್ರನಗರದ ಮೊದಲ ಮಹಡಿಯ ಬಾಡಿಗೆ ಮನೆಯಲ್ಲಿ ಒಲೆ ಎಲ್ಲಿಂದ ತರಲಿ ಮಾರಾಯ ಎಂದುಕೊಳ್ಳುತ್ತಾ ಹಲಗೆಯನ್ನು ಸೆರಗಿನಿಂದ ಒರೆಸಿದೆ. ಒಂದು ಬದಿಯಲ್ಲಿ ಅಪ್ಪನ ದುಂಡು ಅಕ್ಷರದಲ್ಲಿ 'ಮಲಗಿದ್ದಾರೆ' ಎಂದಿತ್ತು. ಇನ್ನೊಂದು ಬದಿಯಲ್ಲಿ 'ಎದ್ದಿದ್ದಾರೆ' ಎಂದಿತ್ತು. ಮೇಲೆ ನೇತುಹಾಕಲು ತಂತಿ ಇನ್ನೂ ಹಾಗೇ ಇತ್ತು.

ಗುಜರಿಯವನಿಗೆ ಗೊತ್ತಿರಲಿಲ್ಲ, ನನ್ನ ಮನೆಯಲ್ಲಿ ಎಂಟು ತಿಂಗಳಿಂದ ಆ ಹಲಗೆಯ ಎರಡನೆಯ ಬದಿ ಮಾತ್ರ ನಿಜವಾಗಿತ್ತು. ನನಗೀಗ ಐವತ್ತೇಳು. ಈ ಊರಿನ ಒಂದು ಕಚೇರಿಯಲ್ಲಿ ಟಪಾಲು ವಿಭಾಗ ನೋಡಿಕೊಳ್ಳುತ್ತೇನೆ. ಕಚೇರಿಯ ಹೆಸರು ಬೇಡ ಬಿಡಿ, ನಿಮ್ಮ ಒಂದಾದರೂ ಅರ್ಜಿ ನನ್ನ ಕೈ ದಾಟಿಯೇ ಹೋಗಿರುತ್ತದೆ. ಮನೆಯಲ್ಲಿ ಒಬ್ಬಳೇ. ನಿದ್ದೆ ಬರುತ್ತಿಲ್ಲ ಎಂದು ಒಮ್ಮೆ ಬಾಯಿಬಿಟ್ಟು ನೋಡಿ, ಇಡೀ ಶಿವಮೊಗ್ಗ ವೈದ್ಯರಾಗಿಬಿಡುತ್ತದೆ. ಕೆಳಗಿನ ಮನೆಯವರು ಅಂಗಾಲಿಗೆ ಹರಳೆಣ್ಣೆ ಹಚ್ಚಲು ಹೇಳಿದರು. ಹಚ್ಚಿಕೊಂಡು ಬಚ್ಚಲಿಗೆ ಹೋಗುವಾಗ ಜಾರಿ ಬಿದ್ದೆ. ತಮ್ಮನ ಮಗಳು ನನ್ನ ಫೋನಿನಲ್ಲಿ ಮಳೆಯ ಸದ್ದು ಹಾಕಿಕೊಟ್ಟಳು. ಅದನ್ನು ಕೇಳಿದ ತಕ್ಷಣ ಎದ್ದು ಒಣಹಾಕಿದ ಬಟ್ಟೆ ತೆಗೆಯಲು ಓಡಿದೆ. ಡಾಕ್ಟರು ಮಾತ್ರ ಸಮಾಧಾನದಿಂದ ಕೇಳಿದರು, ದಿನಕ್ಕೆ ಎಷ್ಟು ಕಾಫಿ, ಮಲಗುವಾಗ ಫೋನ್ ನೋಡ್ತೀರಾ, ಸಂಜೆ ನಡೀತೀರಾ ಎಂದು. ಕಚೇರಿಯಲ್ಲಿ ನಿಮ್ಮ ಪಕ್ಕದ ಕುರ್ಚಿಯಲ್ಲಿ ಯಾರು ಕೂರುತ್ತಾರೆ ಎಂದು ಅವರು ಕೇಳಲಿಲ್ಲ. ಕೇಳಿದ್ದರೆ ಮಾತ್ರೆ ಬರೆದುಕೊಡುವ ಕಷ್ಟ ಅವರಿಗೆ ತಪ್ಪುತ್ತಿತ್ತು.

ಹಲಗೆಯ ಕಥೆಗೆ ಬರುತ್ತೇನೆ. ಅಪ್ಪ ಭದ್ರಾವತಿಯ ಕಬ್ಬಿಣದ ಕಾರ್ಖಾನೆಯಲ್ಲಿ ಕುಲುಮೆಯ ಮುಂದೆ ಕೆಲಸ ಮಾಡುತ್ತಿದ್ದರು. ನಮ್ಮ ಕ್ವಾರ್ಟರ್ಸಿನ ಸಾಲಿನಲ್ಲಿ ಹದಿನಾರು ಮನೆ. ಯಾವ ಹೊತ್ತಿನಲ್ಲಿ ನೋಡಿದರೂ ನಾಲ್ಕೈದು ಮನೆಯಲ್ಲಿ ಯಾರಾದರೂ ರಾತ್ರಿ ಪಾಳಿ ಮುಗಿಸಿ ಬಂದು ಮಲಗಿರುತ್ತಿದ್ದರು. ಲೋಕಕ್ಕೆಲ್ಲ ರಾತ್ರಿ ನಿದ್ದೆಯಾದರೆ ನಮಗೆ ನಿದ್ದೆ ಎಂದರೆ ಬೆಳಗಿನ ಹತ್ತು ಗಂಟೆ. ಪೆಟ್ಟಿಗೆಯ ಹಲಗೆ ಕತ್ತರಿಸಿ ಇಂಥ ಬೋರ್ಡು ಮಾಡಿ ಬಾಗಿಲಿಗೆ ಹಾಕುವ ಪದ್ಧತಿಯನ್ನು ಯಾರು ಶುರು ಮಾಡಿದರೋ ತಿಳಿಯದು, ಸಾಲಿನ ಎಲ್ಲ ಮನೆಗೂ ಒಂದೊಂದು ಇತ್ತು. ಸೊಪ್ಪಿನವಳು ಓದು ಬಾರದಿದ್ದರೂ ಬೋರ್ಡನ್ನು ಮಾತ್ರ ಓದುತ್ತಿದ್ದಳು. 'ಮಲಗಿದ್ದಾರೆ' ಇದ್ದ ಮನೆಯ ಮುಂದೆ ಕೂಗು ನಿಲ್ಲಿಸಿ, ಬಾಗಿಲ ಸಂದಿಯಲ್ಲಿ ಒಂದು ಕಟ್ಟು ದಂಟಿನ ಸೊಪ್ಪು ತೋರಿಸಿ ಹುಬ್ಬು ಹಾರಿಸುತ್ತಿದ್ದಳು. ಅಮ್ಮ ಒಳಗಿನಿಂದಲೇ ಎರಡು ಬೆರಳು ತೋರಿಸುತ್ತಿದ್ದಳು. ವ್ಯಾಪಾರ ಮುಗಿಯುತ್ತಿತ್ತು.

ನಾನೂ ನನ್ನ ತಮ್ಮನೂ ಸದ್ದಿಲ್ಲದೆ ಜಗಳವಾಡುವುದನ್ನು ಕಲಿತಿದ್ದು ಆ ಮನೆಯಲ್ಲಿ. ಅವನು ಚಿವುಟಿದರೆ ನಾನು ಕಿರುಚುವಂತಿಲ್ಲ, ತಿರುಗಿ ಚಿವುಟಬೇಕು ಅಷ್ಟೆ. ಇಬ್ಬರ ಕಣ್ಣಲ್ಲೂ ನೀರು, ಬಾಯಿ ಮಾತ್ರ ಬಿಗಿ. ಒಗ್ಗರಣೆ ಹಾಕುವಾಗ ಅಮ್ಮ ಅಡುಗೆಮನೆಯ ಬಾಗಿಲು ಹಾಕಿಕೊಳ್ಳುತ್ತಿದ್ದಳು. ಇವತ್ತಿಗೂ ನನಗೆ ಜೋರಾಗಿ ಅಳಲು ಬರುವುದಿಲ್ಲ, ಜೋರಾಗಿ ಜಗಳವಾಡಲೂ ಬರುವುದಿಲ್ಲ. ಇದು ಒಳ್ಳೆಯ ಗುಣ ಎಂದು ಬಹಳ ವರ್ಷ ನಂಬಿದ್ದೆ.

ಆ ಬೋರ್ಡಿನಿಂದ ನನ್ನ ಒಂದು ಮದುವೆಯೂ ತಪ್ಪಿದೆ. ತರೀಕೆರೆ ಕಡೆಯವರು ನನ್ನನ್ನು ನೋಡಲು ಬರುವವರಿದ್ದರು. ಅಪ್ಪ ಅವತ್ತು ಬೇಗ ಎದ್ದು ಇಸ್ತ್ರಿ ಮಾಡಿದ ಅಂಗಿ ಹಾಕಿ ಕೂತಿದ್ದರು, ಅಮ್ಮ ಕೇಸರಿಬಾತು ಮಾಡಿದ್ದಳು, ನಾನು ಅತ್ತೆಯ ಸೀರೆ ಉಟ್ಟು ಬೆವರುತ್ತಿದ್ದೆ. ಗಡಿಬಿಡಿಯಲ್ಲಿ ಬೋರ್ಡು ತಿರುಗಿಸುವುದನ್ನು ಎಲ್ಲರೂ ಮರೆತರು. ಬಂದವರು 'ಮಲಗಿದ್ದಾರೆ' ಎಂಬುದನ್ನು ಓದಿ, ಹೆಣ್ಣು ತೋರಿಸುವ ದಿನ ಮಲಗುವ ಮನೆ ಇದೆಂಥದ್ದು ಎಂದು ಬೇಸರಪಟ್ಟು, ಮೋರಿಕಟ್ಟೆಯ ಮೇಲೆ ಅರ್ಧ ಗಂಟೆ ಕೂತು ಬಸ್ಸು ಹತ್ತಿಬಿಟ್ಟರು. ನಾವು ಒಳಗೆ ಕಾದೆವು, ಅವರು ಹೊರಗೆ ಕಾದರು. ಸಾಲಿನ ಜನ ಅವರನ್ನು ನೋಡಿದರೂ ಬಾಗಿಲು ತಟ್ಟಿ ಹೇಳಲಿಲ್ಲ. ನಮ್ಮಲ್ಲಿ ಬೋರ್ಡಿಗೆ ಅಷ್ಟು ಮರ್ಯಾದೆ. ಆಮೇಲೆ ಬಂದ ಗಂಡುಗಳು ಬೋರ್ಡು ಸರಿಯಾಗಿದ್ದರೂ ಒಪ್ಪಲಿಲ್ಲವಾದ್ದರಿಂದ ಪೂರ್ತಿ ತಪ್ಪನ್ನು ಹಲಗೆಯ ಮೇಲೆ ಹಾಕುವುದು ನ್ಯಾಯವಲ್ಲ.

ಅಪ್ಪನ ಜೊತೆಗಾರ ಪೆರುಮಾಳ್ ಮಾಮ. ನಮ್ಮಿಂದ ಮೂರನೇ ಮನೆ. ಇಬ್ಬರದೂ ಒಂದೇ ಪಾಳಿ, ಒಂದೇ ಜಾಗ. ಕೆಲಸದ ನಡುವೆ ಬಿಡುವು ಸಿಕ್ಕಾಗ ಒಬ್ಬರು ಅರ್ಧ ಗಂಟೆ ಬೆಂಚಿನ ಮೇಲೆ ಕಾಲು ಚಾಚಿದರೆ ಇನ್ನೊಬ್ಬರು ಎಚ್ಚರವಿರುತ್ತಿದ್ದರು. ಹೊತ್ತಾದಾಗ ಎಬ್ಬಿಸುವುದು ಕಾಲಿನ ಕಡೆಯಿಂದ. ಬೂಟಿನ ತುದಿಗೆ ಎರಡು ಸಲ ತಟ್ಟಬೇಕು. ಹೆಸರು ಹಿಡಿದು ಕರೆಯಬಾರದು, ಭುಜ ಹಿಡಿದು ಅಲ್ಲಾಡಿಸಬಾರದು. ತಲೆಯ ಕಡೆಯಿಂದ ಎಬ್ಬಿಸಿದರೆ ಮನುಷ್ಯ ಗಾಬರಿಬಿದ್ದು ಏಳುತ್ತಾನೆ, ಎದ್ದವನು ಎತ್ತ ಕಾಲಿಡುತ್ತಾನೋ ಗೊತ್ತಾಗುವುದಿಲ್ಲ, ಸುತ್ತ ಕಾದ ಕಬ್ಬಿಣ ಇರುತ್ತದೆ ಎಂದು ಅಪ್ಪ ಹೇಳುತ್ತಿದ್ದರು. ಮನೆಯಲ್ಲೂ ಅದೇ ಕ್ರಮ. ಅಪ್ಪನನ್ನು ಎಬ್ಬಿಸಬೇಕಾದರೆ ನಾವು ಕಾಲಿನ ಹೆಬ್ಬೆರಳು ಹಿಡಿದು ಒಮ್ಮೆ ಅಲ್ಲಾಡಿಸುತ್ತಿದ್ದೆವು. ಅವರು ನಿಧಾನವಾಗಿ ಕಣ್ಣು ಬಿಟ್ಟು ಮೊದಲು ಕಾಲಿನ ಕಡೆ ನೋಡುತ್ತಿದ್ದರು.

ಒಂದು ಸಲ ಪೆರುಮಾಳ್ ಮಾಮನ ಮನೆಯ ಕೋಳಿಗಳು ಅಪ್ಪನ ಸೇವಂತಿಗೆ ಪಾತಿಯನ್ನು ಕೆದರಿ ಹಾಕಿದವು. ನಗಬೇಡಿ, ಅಪ್ಪನಿಗೆ ಆ ಸೇವಂತಿಗೆ ನಮಗಿಂತ ಹೆಚ್ಚು. ಮಾತಿಗೆ ಮಾತು ಬೆಳೆದು ಇಬ್ಬರೂ ಮಾತು ಬಿಟ್ಟರು. ಒಂದೂವರೆ ವರ್ಷ. ಒಂದೇ ಹೊತ್ತಿಗೆ ಸೈಕಲ್ಲು ಹತ್ತಿ, ರಸ್ತೆಯ ಆ ಬದಿಗೊಬ್ಬರು ಈ ಬದಿಗೊಬ್ಬರು ಹೋಗುತ್ತಿದ್ದರು. ಬಹಳ ವರ್ಷಗಳ ಮೇಲೆ, ಅಪ್ಪ ನಿವೃತ್ತರಾಗಿ ಶಿವಮೊಗ್ಗಕ್ಕೆ ಬಂದ ಮೇಲೆ, ಆ ಒಂದೂವರೆ ವರ್ಷ ನಿಮ್ಮನ್ನು ಯಾರು ಎಬ್ಬಿಸುತ್ತಿದ್ದರು ಎಂದು ಕೇಳಿದೆ. ಇದೆಂಥ ಪ್ರಶ್ನೆ ಎನ್ನುವಂತೆ ನನ್ನ ಮುಖ ನೋಡಿದರು.

"ಪೆರುಮಾಳೇ ಎಬ್ಬಿಸ್ತಿದ್ದ. ಇನ್ಯಾರು ಎಬ್ಬಿಸ್ತಾರೆ?"

"ಮಾತು ಬಿಟ್ಟಿದ್ರಲ್ಲಪ್ಪ?"

"ಮಾತು ಬಿಟ್ಟಿದ್ವಿ. ಎಬ್ಬಿಸೋದನ್ನ ಬಿಟ್ಟಿರ್ಲಿಲ್ಲ."

ಆ ಒಂದೂವರೆ ವರ್ಷವೂ ಅಪ್ಪ ಆ ಬೆಂಚಿನ ಮೇಲೆ ಗೊರಕೆ ಹೊಡೆದು ಮಲಗುತ್ತಿದ್ದರಂತೆ. ಆಗ ನನಗೆ ಇದು ಒಂದು ತಮಾಷೆಯ ಸಂಗತಿ ಎನಿಸಿತ್ತು. ಕಚೇರಿಯಲ್ಲಿ ವಿಶಾಲಾಕ್ಷಿಗೆ ಹೇಳಿ ಇಬ್ಬರೂ ನಕ್ಕಿದ್ದೆವು.

ವಿಶಾಲಾಕ್ಷಿ ಎಂದರೆ ನನ್ನ ಪಕ್ಕದ ಕುರ್ಚಿ. ನನಗಿಂತ ಎರಡು ವರ್ಷ ಚಿಕ್ಕವಳು. ಮನೆ ಭದ್ರಾವತಿಯ ನ್ಯೂಟೌನಿನಲ್ಲಿ, ದಿನಾ ಬಸ್ಸಿನಲ್ಲಿ ಶಿವಮೊಗ್ಗಕ್ಕೆ ಬಂದು ಹೋಗುತ್ತಿದ್ದಳು. ಇಪ್ಪತ್ತೊಂದು ವರ್ಷ ಅಕ್ಕಪಕ್ಕ ಕೂತೆವು. ಅವಳ ಡಬ್ಬಿಯ ಬುತ್ತಿ ನನಗೆ, ನನ್ನ ಡಬ್ಬಿಯ ರೊಟ್ಟಿ ಅವಳಿಗೆ. ಊಟದ ಬಿಡುವಿನಲ್ಲಿ ನಮ್ಮದೊಂದು ಗುಟ್ಟಿನ ಏರ್ಪಾಡಿತ್ತು. ರೆಕಾರ್ಡ್ ರೂಮಿನ ಹಿಂದಿನ ಸಾಲಿನಲ್ಲಿ ಎರಡು ಕಪಾಟಿನ ನಡುವೆ ಚಾಪೆ ಹಾಸಿ ಒಂದು ದಿನ ಅವಳು, ಒಂದು ದಿನ ನಾನು ಇಪ್ಪತ್ತು ನಿಮಿಷ ಮಲಗುವುದು. ಮಲಗದವಳು ಹೊರಗೆ ಮೇಜಿನ ಹತ್ತಿರ ಕೂತು, ಬಿಡುವು ಮುಗಿಯಲು ಐದು ನಿಮಿಷವಿರುವಾಗ ಹೋಗಿ ಎಬ್ಬಿಸುವುದು. ಹೇಗೆಂದು ಬೇರೆ ಹೇಳಬೇಕಾಗಿಲ್ಲ. ಹಳೆಯ ಕಡತಗಳ ದೂಳಿನ ವಾಸನೆ, ಹೊರಗೆ ಎಲ್ಲೋ ಸ್ಟವ್ ಮೇಲೆ ಚಹಾ, ಬಾಗಿಲಾಚೆ ವಿಶಾಲಾಕ್ಷಿ ಇದ್ದಾಳೆ ಎನ್ನುವ ಧೈರ್ಯ. ಆ ಇಪ್ಪತ್ತು ನಿಮಿಷದಲ್ಲಿ ಬಂದಂಥ ನಿದ್ದೆ ನನಗೆ ಹಾಸಿಗೆಯ ಮೇಲೆ ಎಂದೂ ಬಂದಿಲ್ಲ. ನಿದ್ದೆ ಹಾಸಿಗೆಯಿಂದ ಬರುತ್ತದೆ ಎಂದು ನಂಬಿದವರು ದುಬಾರಿ ಹಾಸಿಗೆ ಕೊಳ್ಳಲಿ, ನನ್ನ ಆಕ್ಷೇಪಣೆಯಿಲ್ಲ.

ಕಳೆದ ವರ್ಷ ಹೊಸ ಸಾಹೇಬರು ಬಂದರು. ಕೆಟ್ಟವರಲ್ಲ, ಚುರುಕು. ಬೆಳಗಿನ ಐದೂವರೆಗೆ ವಾಟ್ಸಾಪಿನಲ್ಲಿ ಶುಭೋದಯದ ಜೊತೆಗೆ ಆ ದಿನದ ಕೆಲಸದ ಪಟ್ಟಿ ಹಾಕುತ್ತಿದ್ದರು. ಆರು ಗಂಟೆಯೊಳಗೆ ನೋಡದಿದ್ದವರ ಹೆಸರು ಅವರಿಗೆ ಗೊತ್ತಾಗುತ್ತಿತ್ತು. ಎಲ್ಲರೂ ದಿಂಬಿನ ಕೆಳಗೆ ಫೋನಿಟ್ಟು ಮಲಗುವುದನ್ನು ಕಲಿತೆವು. ಕಡತಗಳೆಲ್ಲ ಕಂಪ್ಯೂಟರಿಗೆ ಹೋದವು. ನನಗೆ ಕಂಪ್ಯೂಟರ್ ಬರುವುದಿಲ್ಲ. ಬರುತ್ತದೆ ಎಂದು ಎಲ್ಲರೆದುರು ಹೇಳುತ್ತಿದ್ದೆ. ಸಂಜೆ ಎಲ್ಲರೂ ಹೋದ ಮೇಲೆ ವಿಶಾಲಾಕ್ಷಿ ಹತ್ತು ನಿಮಿಷ ಹೆಚ್ಚು ಕೂತು ನನ್ನ ಕಾಗದಗಳನ್ನೂ ಸ್ಕ್ಯಾನ್ ಮಾಡಿ ಸೇರಿಸಿ, ಬಸ್ಸಿಗೆ ಓಡುತ್ತಿದ್ದಳು.

ಒಂದು ಮೀಟಿಂಗಿನಲ್ಲಿ ಸಾಹೇಬರು ನನ್ನನ್ನು ಏನೋ ಕೇಳಿದರು. ನಾನು ತಡವರಿಸಿದೆ. ನನ್ನನ್ನು ಕಾಪಾಡಲೆಂದು ವಿಶಾಲಾಕ್ಷಿ ಎದ್ದು, "ಅವ್ರಿಗೆ ಅದು ಬರಲ್ಲ ಸಾರ್, ಅವ್ರದ್ದೂ ನಾನೇ ಮಾಡ್ತೀನಿ" ಎಂದಳು. ಸಾಹೇಬರು ನಕ್ಕರು. ಮೇಜಿನ ಸುತ್ತ ಕೂತಿದ್ದ ಮಕ್ಕಳ ವಯಸ್ಸಿನವರೂ ನಕ್ಕರು. ಅವಳು ಹೇಳಿದ್ದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ, ಅದಕ್ಕೇ ನನಗೆ ಮೈಯೆಲ್ಲ ಉರಿಯಿತು. ಅವತ್ತಿನಿಂದ ಮಾತು ಬಿಟ್ಟೆ. ಜೋರಾಗಿ ಜಗಳವಾಡಲು ಬರುವುದಿಲ್ಲ ಎಂದು ಹೇಳಿದೆನಲ್ಲ. ಡಬ್ಬಿಯನ್ನು ಒಬ್ಬಳೇ ಬಿಚ್ಚಿ ಒಬ್ಬಳೇ ಮುಚ್ಚಿದೆ. ಮೂರು ದಿನ.

ನಾಲ್ಕನೆಯ ದಿನ ಮಲಗುವ ಸರದಿ ಅವಳದು. ಊಟ ಮುಗಿಸಿ, ನನ್ನ ಕಡೆ ಒಂದು ಸಲ ನೋಡಿ, ಏನೂ ಹೇಳದೆ ರೆಕಾರ್ಡ್ ರೂಮಿಗೆ ಹೋದಳು. ಮಾತಿಲ್ಲದಿದ್ದರೂ ಎಬ್ಬಿಸುತ್ತಾಳೆ ಎಂದು ನಂಬಿಯೇ ಹೋದಳು. ಎಬ್ಬಿಸುವ ಹೊತ್ತಾಯಿತು. ನಾನು ಏಳಲಿಲ್ಲ. ಬಿಡುವು ಮುಗಿಯಿತು. ಆಗ ಸಾಹೇಬರ ಕೊಠಡಿಯ ಬಾಗಿಲು ತೆರೆದ ಸದ್ದಾಯಿತು, ಯಾವುದೋ ಹಳೆಯ ಕಡತ ಬೇಕು, ತಾವೇ ನೋಡುತ್ತೇನೆ ಎನ್ನುತ್ತಾ ಹೊರಗೆ ಬಂದರು. ಬಾಗಿಲಲ್ಲಿ ಯಾರೋ ಅವರನ್ನು ಮಾತಿಗೆ ಹಿಡಿದರು. ನಾನು ಎದ್ದು ಬೇಗ ಬೇಗ ರೆಕಾರ್ಡ್ ರೂಮಿನ ಬಾಗಿಲ ತನಕ ಹೋದೆ. ಕಪಾಟುಗಳ ನಡುವೆ ಅವಳ ಪಾದ ಕಾಣುತ್ತಿತ್ತು. ಆರು ಹೆಜ್ಜೆ ಇಟ್ಟಿದ್ದರೆ ಸಾಕಿತ್ತು. ಆ ನಗು ಇನ್ನೊಂದು ಸಲ ಕಿವಿಯಲ್ಲಿ ಕೇಳಿಸಿತು. ಹಿಂದಕ್ಕೆ ಬಂದು ಕುರ್ಚಿಯಲ್ಲಿ ಕೂತು ಲಕೋಟೆಗೆ ಅಂಟು ಹಚ್ಚತೊಡಗಿದೆ.

ಮುಂದಿನದು ಕಚೇರಿಗಳಲ್ಲಿ ಆಗುವಂಥದ್ದೇ. ಒಂದು ಮೆಮೊ, ಒಂದು ವಿವರಣೆ. ಹದಿನೈದು ದಿನಕ್ಕೆ ಅವಳನ್ನು ಹೊಳಲೂರಿನ ಸಣ್ಣ ಶಾಖೆಗೆ ಹಾಕಿದರು. ಭದ್ರಾವತಿಯಿಂದ ಶಿವಮೊಗ್ಗಕ್ಕೆ ಒಂದು ಬಸ್ಸು, ಅಲ್ಲಿಂದ ಹೊಳಲೂರಿಗೆ ಇನ್ನೊಂದು. ಬೆಳಗಿನ ನಾಲ್ಕೂವರೆಗೆ ಏಳಬೇಕು. ಮೇಜಿನ ಡ್ರಾಯರು ಖಾಲಿ ಮಾಡುವಾಗ ಅವಳಾಗಿಯೇ ಕೇಳಿದಳು, ಅವತ್ತು ಎಲ್ಲಿಗೆ ಹೋಗಿದ್ದೆ ಎಂದು. ನೀರು ತರಲು ಹೋಗಿದ್ದೆ ಎಂದೆ. "ಇರ್ಲಿ ಬಿಡು" ಎಂದಳು. ನನ್ನ ರೊಟ್ಟಿಯ ಡಬ್ಬಿ ಒಂದು ಅವಳ ಹತ್ತಿರ ಉಳಿದಿತ್ತು, ಅದನ್ನು ತೊಳೆದು ಮೇಜಿನ ಮೇಲಿಟ್ಟು ಹೋದಳು.

ಅಂದಿನಿಂದ ನನಗೆ ನಿದ್ದೆಯಿಲ್ಲ. ಈಗ ಪಕ್ಕದ ಕುರ್ಚಿಯಲ್ಲಿ ಒಬ್ಬ ಒಳ್ಳೆಯ ಹುಡುಗಿ ಕೂರುತ್ತಾಳೆ, ಕಿವಿಗೆ ತಂತಿ ಸಿಕ್ಕಿಸಿಕೊಂಡು ಮಧ್ಯಾಹ್ನದ ಊಟ ಮಾಡುತ್ತಾಳೆ. ಇಡೀ ದಿನದಲ್ಲಿ ನನ್ನ ಬಾಯಿಂದ ಹೊರಡುವ ಮಾತು ಎಣಿಸಿದರೆ ಇಪ್ಪತ್ತಾಗಲಿಕ್ಕಿಲ್ಲ. ಮನೆಗೆ ಬಂದರೆ ಅಷ್ಟೂ ಇಲ್ಲ. ಹಾಸಿಗೆಯ ಮೇಲೆ ಕಣ್ಣು ಮುಚ್ಚಿದರೆ ಕಪಾಟುಗಳ ನಡುವೆ ಎರಡು ಪಾದ. ಗುಜರಿಯವನು ಹೋದ ಮೇಲೆ ಹಲಗೆಯನ್ನು ಮಡಿಲಲ್ಲಿಟ್ಟುಕೊಂಡು ಬಹಳ ಹೊತ್ತು ಕೂತಿದ್ದೆ. ಅಪ್ಪನ ಮಾತು ನೆನಪಾಯಿತು. ಈ ಸಲ ಅದು ತಮಾಷೆ ಎನಿಸಲಿಲ್ಲ. ನನಗೆ ನಾಚಿಕೆಯಾಯಿತು.

ಮರುದಿನ ಭಾನುವಾರ. ಬಸ್ಸು ಹತ್ತಿ ಭದ್ರಾವತಿಗೆ ಹೋದೆ. ಅರ್ಧ ಕೆಜಿ ಮೂಸಂಬಿ ಹಿಡಿದು ವಿಶಾಲಾಕ್ಷಿಯ ಮನೆಯ ಮುಂದೆ ನಿಂತಾಗ ಹನ್ನೆರಡೂವರೆ. ಅವಳ ಗಂಡ ಯಾವುದೋ ಗೃಹಪ್ರವೇಶಕ್ಕೆ ಹೋಗಿದ್ದರು, ಅವಳೊಬ್ಬಳೇ ಇದ್ದಳು. ಸಣ್ಣಗಾಗಿದ್ದಳು. ಕಣ್ಣಿನ ಕೆಳಗೆ ಕಪ್ಪು. ಬಾರೇ ಎಂದು ಕರೆದು, ತಟ್ಟೆ ಹಾಕಿ, ಸಾರು ಬಡಿಸಿದಳು. ಐದೂಕಾಲರ ಬಸ್ಸಿಗೆ ವಾಪಸು ಹೊರಡುತ್ತೇನೆ ಎಂದೆ. ಹೊಳಲೂರಿನ ಬಸ್ಸಿನಲ್ಲಿ ನಿಂತು ನಿಂತು ಕಾಲು ಊದುತ್ತದೆ, ಬಸ್ಸಿನಲ್ಲಿ ಕಣ್ಣು ಮುಚ್ಚೋಣವೆಂದರೆ ಸ್ಟಾಪು ದಾಟಿಹೋಗುವ ಭಯ, ಯಾರು ಎಬ್ಬಿಸುತ್ತಾರೆ ಎಂದಳು. ಅವಳು ಸುಮ್ಮನೆ ಹೇಳಿದ್ದು. ನಾನು ಕೈಯಲ್ಲಿದ್ದ ತುತ್ತನ್ನು ತಟ್ಟೆಗೇ ವಾಪಸು ಇಟ್ಟೆ.

"ಅವತ್ತು ನಾನು ನೀರು ತರೋಕೆ ಹೋಗಿರ್ಲಿಲ್ಲ ಕಣೇ" ಎಂದೆ. "ಸಾಹೇಬ್ರು ಬರ್ತಿರೋದು ನೋಡಿದ್ದೆ. ಬಾಗಿಲ ತನಕ ಬಂದಿದ್ದೆ. ಬೇಕಂತಲೇ ಎಬ್ಬಿಸ್ಲಿಲ್ಲ."

ಅವಳು ಸಾರಿನ ಪಾತ್ರೆಯ ಮುಚ್ಚಳ ಹಾಕಿದಳು. ಸೌಟನ್ನು ಅದರ ಮೇಲಿಟ್ಟಳು.

"ಗೊತ್ತು" ಎಂದಳು. "ನಾನು ಎಚ್ಚರವಾಗೇ ಇದ್ದೆ. ನಿನ್ನ ಚಪ್ಪಲಿ ಸದ್ದು ನಂಗೊತ್ತಾಗಲ್ವೇನೇ? ಬಾಗಿಲ ತನಕ ಬಂತು. ಎಬ್ಬಿಸ್ತಾಳೆ, ಎಬ್ಬಿಸಿದ ತಕ್ಷಣ ತಪ್ಪಾಯ್ತು ಅಂತ ಹೇಳಿ ಮಾತು ಶುರು ಮಾಡೋಣ ಅಂತ ಕಣ್ಣು ಮುಚ್ಕೊಂಡು ಮಲಗಿದ್ದೆ. ವಾಪಸ್ ಹೋಯ್ತು."

ತಟ್ಟೆಯನ್ನೇ ನೋಡುತ್ತಾ ಕೂತೆ. ಎದ್ದು ಕೂರಬಹುದಿತ್ತು ಅವಳು, ಹೊಳಲೂರು ತಪ್ಪುತ್ತಿತ್ತು. ಕೂರಲಿಲ್ಲ, ನನಗಾಗಿ ಕಾದಳು. ನನಗೆ ಅಳು ಬಂತು, ಎಂದಿನಂತೆ ಸದ್ದಿಲ್ಲದೆ.

"ಊಟ ಆದ್ಮೇಲೆ ಹೇಳೋದಲ್ವೇನೇ ಮಾರಾಯ್ತಿ" ಎಂದಳು ಅವಳು. "ಈಗ ಇಬ್ರಿಗೂ ಅನ್ನ ಇಳಿಯಲ್ಲ."

ಆಮೇಲೆ ಅವಳು ಮಾತಾಡಲಿಲ್ಲ. ತಟ್ಟೆಗಳನ್ನು ಎತ್ತಿದಳು. ನಡುಮನೆಯಲ್ಲಿ ಚಾಪೆ ಹಾಸಿ, ದಿಂಬು ಹಾಕಿ, ಗೋಡೆಯ ಗಡಿಯಾರದ ಕಡೆ ಕೈ ತೋರಿಸಿ, ನಾನು ಹಿಡಿಯಬೇಕಾದ ಐದೂಕಾಲರ ಬಸ್ಸನ್ನು ಬೆರಳಿನಲ್ಲೇ ಸೂಚಿಸಿದಳು. ಅಡುಗೆಮನೆಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡಳು. ನಾನು ಹೊರಟುಬಿಡಬಹುದಿತ್ತು. ಹೊರಡಲು ಮನಸ್ಸು ಬರಲಿಲ್ಲ. ಚಾಪೆಯ ಮೇಲೆ ಉರುಳಿ, ಗೋಡೆಯ ಕಡೆ ಮುಖ ಮಾಡಿ ಕಣ್ಣು ಮುಚ್ಚಿದೆ. ಒಳಗೆ ಪಾತ್ರೆ ತೊಳೆಯುವ ಸದ್ದು ಬಂತು, ಮೊರದಲ್ಲಿ ಅಕ್ಕಿ ಕೇರುವ ಸದ್ದು ಬಂತು. ಆಮೇಲೆ ಏನೂ ಇಲ್ಲ. ನಾನು ನಿದ್ದೆ ಮಾಡಲಿಲ್ಲ.

ಗಡಿಯಾರ ಐದು ಹೊಡೆಯಿತು. ಅಡುಗೆಮನೆಯ ಬಾಗಿಲು ಸರಿಯಿತು. ಅವಳ ಹೆಜ್ಜೆ ನಡುಮನೆಯ ಬಾಗಿಲ ತನಕ ಬಂದು ನಿಂತಿತು. ಎದ್ದು ಕೂರಬಹುದಾಗಿತ್ತು ನಾನು. ಕೂರಲಿಲ್ಲ. ಕಣ್ಣು ಬಿಗಿಯಾಗಿ ಮುಚ್ಚಿಕೊಂಡು ಕಾದೆ. ಅವತ್ತು ನಾನು ಬಾಗಿಲಲ್ಲಿ ನಿಂತಿದ್ದೂ ಇಷ್ಟೇ ಹೊತ್ತು ಇರಬೇಕು, ಮಲಗಿದವಳಿಗೆ ಅದು ಇಷ್ಟು ಉದ್ದ ಎಂದು ಗೊತ್ತಿರಲಿಲ್ಲ. ಅವಳು ತಿರುಗಿ ಹೋದರೆ ನಾನು ಬಸ್ಸು ತಪ್ಪಿಸಿಕೊಂಡು, ಸುಮ್ಮನೆ ಎದ್ದು ಹೋಗಬೇಕು, ಅದು ನ್ಯಾಯವೇ ಎಂದುಕೊಂಡೆ.

ನನ್ನ ಬಲಗಾಲಿನ ಹೆಬ್ಬೆರಳನ್ನು ಹಿಡಿದು ಒಮ್ಮೆ ಅಲ್ಲಾಡಿಸಿದಳು.

ಕಣ್ಣು ಬಿಟ್ಟಾಗ ಅವಳು ಆಗಲೇ ಅಡುಗೆಮನೆಯ ಕಡೆ ಹೋಗುತ್ತಿದ್ದಳು. ಬೆನ್ನಷ್ಟೇ ಕಂಡಿತು. ಚೀಲ ತೆಗೆದುಕೊಂಡು, ಬರ್ತೀನಿ ಕಣೇ ಎಂದೆ. ಒಳಗಿನಿಂದ ಉತ್ತರ ಬರಲಿಲ್ಲ. ಬಸ್ಸು ಸಿಕ್ಕಿತು. ಕಿಟಕಿಯ ಪಕ್ಕದ ಸೀಟೂ ಸಿಕ್ಕಿತು, ಪಕ್ಕದಲ್ಲಿ ಶಿವಮೊಗ್ಗದ ತನಕ ಯಾರೂ ಕೂರಲಿಲ್ಲ.

ಇದಾಗಿ ಎರಡು ತಿಂಗಳಾಯಿತು. ಮೂರು ಸಲ ಫೋನ್ ಮಾಡಿದೆ, ಎತ್ತಲಿಲ್ಲ. ಮೆಸೇಜು ಹಾಕಿದೆ, ನೋಡಿ ಸುಮ್ಮನಾಗಿದ್ದಾಳೆ. ಹಲಗೆಯನ್ನು ಒಲೆಗೆ ಹಾಕದೆ ಮಲಗುವ ಕೋಣೆಯ ಮೊಳೆಗೆ ನೇತುಹಾಕಿದ್ದೇನೆ, ಓದುವವರು ಯಾರೂ ಇಲ್ಲದಿದ್ದರೂ. ನಿದ್ದೆ ಒಂದೊಂದು ದಿನ ಬರುತ್ತದೆ, ಒಂದೊಂದು ದಿನ ಇಲ್ಲ. ಬಾರದ ದಿನ ಬಲಗಾಲನ್ನು ಹೊದಿಕೆಯಿಂದ ಹೊರಗೆ ಚಾಚಿ ಮಲಗುತ್ತೇನೆ. ವಿಶಾಲಾಕ್ಷಿ ನನ್ನ ಜೊತೆ ಮಾತು ಬಿಟ್ಟಿದ್ದಾಳೆ. ಆದರೆ ಅವತ್ತು ಎಬ್ಬಿಸಿದಳು.